ಸಹಾಯ ಬೇಕು: ಬಾಗಿಲ ಚೌಕಟ್ಟಿಗೆ ಗೆದ್ದಲು, ಪಕ್ಕದಲ್ಲೇ ಕುಡಿಯೋ ನೀರಿನ ಬಾವಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಹತ್ತಿರ ನಮ್ಮದು ಅಜ್ಜನ ಕಾಲದ ಮನೆ. ಹೋದ ವಾರ ದೇವರ ಕೋಣೆ ಗೋಡೆ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಾಣಿಸ್ತು. ಕಡ್ಡಿಯಲ್ಲಿ ಕೆರೆದ್ರೆ ಒಳಗೆ ಬಿಳಿ ಹುಳ ಹರೀತಿದ್ವು. ಮರುದಿನ ಬೆಳಿಗ್ಗೆ ನೋಡಿದ್ರೆ ಕೆರೆದ ಜಾಗವನ್ನೆಲ್ಲ ಹಸಿ ಮಣ್ಣಿಂದ ಮುಚ್ಚಿಬಿಟ್ಟಿದ್ವು! ಬಾಗಿಲ ಚೌಕಟ್ಟಿನ ಬಣ್ಣ ಕೂಡ ಹೋಗಿಲ್ಲ, ಆದ್ರೆ ತಟ್ಟಿದ್ರೆ ಟೊಳ್ಳು ಸದ್ದು. ಸ್ಕ್ರೂಡ್ರೈವರ್ ಒತ್ತಿದ್ರೆ 2 ಇಂಚು ಒಳಗೆ ಹೋಯ್ತು. ಮೊದಲ ಮಳೆ ಬಂದಾಗ ಕಿಟಕಿ ಮುಚ್ಚಿದ ಕೋಣೆಯೊಳಗೇ ರಾಶಿ ರೆಕ್ಕೆ ಉದುರಿದ್ವು, ಮಳೆಹುಳ ಅಂತ ಗುಡಿಸಿ ಹಾಕಿದ್ವಿ. ಅವು ಗೆದ್ದಲಿನ ರೆಕ್ಕೆ ಅಂತ ಆಗಲೇ ಗೊತ್ತಾಗಬೇಕಿತ್ತು.

ಸೀಮೆಎಣ್ಣೆ ಹಾಕಿದೆ, ಮೇಲಿದ್ದವು ಸತ್ತವು ಅಷ್ಟೆ. ಗೂಡು, ರಾಣಿ ಎಲ್ಲ ನೆಲದೊಳಗೇ ಇದೆಯಲ್ಲ. ಔಷಧಿ ಹೊಡೆಯೋರು ಗೋಡೆ ಬುಡದುದ್ದಕ್ಕೂ ಅಡಿಗೊಂದು ತೂತು ಕೊರೆದು ಕ್ಲೋರ್‌ಪೈರಿಫಾಸ್ ಅನ್ನೋ ಕೀಟನಾಶಕ ಬಿಡ್ತೀವಿ ಅಂತಾರೆ. ಬಾವಿ ಇರೋದು ಗೋಡೆಯಿಂದ ಬರೀ 12 ಅಡಿಗೆ. ಮನೇಲಿ 2 ವರ್ಷದ ಮಗು ಇದೆ, ನನಗೆ ಧೈರ್ಯ ಸಾಲ್ತಿಲ್ಲ.

ಬಾವಿ ಹತ್ತಿರ ಇದ್ದೂ ಗೆದ್ದಲು ಬಿಡಿಸಿಕೊಂಡೋರು ಯಾರಾದ್ರೂ ಇದ್ದೀರಾ? ನೆಲಕ್ಕೆ ಔಷಧಿ ಸುರಿಯದೆ, ವಿಷ ಬೆರೆಸಿದ ತಿಂಡಿ ಇಟ್ಟು ಗೂಡನ್ನೇ ಸಾಯಿಸೋ ವಿಧಾನ ಮಾಡಿಸಿದ್ರೆ ಅದನ್ನೂ ಹೇಳಿ. ಚೌಕಟ್ಟು ಅಜ್ಜ ಮುಂದೆ ನಿಂತು ಮಾಡಿಸಿದ್ದು, ಉಳಿಸಿಕೊಳ್ಳೋ ದಾರಿ ಇದ್ರೆ ದಯವಿಟ್ಟು ತಿಳಿಸಿ.