ಬಿಲ್ ಸೊನ್ನೆ ಬಂದ ಮನೆಗೇ ಖರ್ಚು ಜಾಸ್ತಿ ಆಗಿದೆ. ಇದನ್ನು ಯಾರು ಲೆಕ್ಕ ಹಿಡಿಯುತ್ತಾರೆ?

ಪ್ರಶ್ನೆ:
ನನ್ನ ತವರು ಸುರಪುರ ತಾಲ್ಲೂಕಿನ ಒಂದು ಹಳ್ಳಿ. ಮದುವೆಯಾಗಿ ಬಂದದ್ದು ಪುತ್ತೂರಿಗೆ. ಹೋದ ವರ್ಷ ಎರಡೂ ಮನೆಗೆ ಒಂದೇ ಕಷ್ಟ ಬಂತು. ಜೂನ್‌ನಲ್ಲಿ ಅತ್ತೆ ಅಂಗಳದ ಪಾಚಿ ಮೇಲೆ ಜಾರಿದರು, ನವೆಂಬರ್‌ನಲ್ಲಿ ಅವ್ವ ಬಚ್ಚಲಲ್ಲಿ ಬಿದ್ದಳು. ಇಬ್ಬರಿಗೂ ಸೊಂಟದ ಮೂಳೆ ಮುರಿಯಿತು. ಇಬ್ಬರಿಗೂ ಆಪರೇಷನ್ ಆಯಿತು.

ಅತ್ತೆಯನ್ನು ಮಂಗಳೂರಿನ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಬಿಲ್ 1,48,000 ರೂಪಾಯಿ. ನನ್ನ ಗಂಡನ ಕಂಪನಿಯ ವಿಮೆ 1,20,000 ಕೊಟ್ಟಿತು. ಕೈಯಿಂದ ಹೋದದ್ದು 28,000, ಓಡಾಟಕ್ಕೆ ಸಾವಿರ ಚಿಲ್ಲರೆ.

ಅವ್ವನಿಗೆ ಕಲಬುರಗಿಯ ಸರ್ಕಾರಿ ಆಸ್ಪತ್ರೆ, ಬಿಪಿಎಲ್ ಕಾರ್ಡ್. ಬಿಲ್ ಸೊನ್ನೆ. ಆದರೆ ನನ್ನ ತಮ್ಮ ಒಂದು ಹಳೇ ನೋಟ್‌ಬುಕ್‌ನಲ್ಲಿ ಎಲ್ಲ ಬರೆದಿಟ್ಟಿದ್ದ. ಅವ್ವನನ್ನು ಮಲಗಿಸಿಕೊಂಡು ಹೋದ ಗಾಡಿಗೆ 4,500. ಹೊರಗಿಂದ ತರಲು ಚೀಟಿ ಬರೆದುಕೊಟ್ಟ ಔಷಧ, ಸ್ಕ್ಯಾನ್ 6,850. ವಾಕರ್, ಡೈಪರ್ 3,200. ಹನ್ನೊಂದು ದಿನ ಇಬ್ಬರ ಊಟ, ರೂಮು 7,400. ಆಮೇಲೆ ಮೂರು ಸಲ ತೋರಿಸಲು ಕಾರು ಬಾಡಿಗೆ 10,500. ಒಟ್ಟು 32,450. ಅದು ಹತ್ತಿ ಬಿಡಿಸುವ ಕಾಲ. ತಮ್ಮ ಹತ್ತೊಂಬತ್ತು ದಿನ ಹೊಲಕ್ಕೆ ಹೋಗಲಿಲ್ಲ. ಅದನ್ನು ಅವನು ಬರೆದೇ ಇಲ್ಲ. ದುಡ್ಡು ತಂದದ್ದು ಮೂರು ರೂಪಾಯಿ ಬಡ್ಡಿಗೆ.

ಯಾವ ರಾಜ್ಯದಲ್ಲಿ ಜನ ಚಿಕಿತ್ಸೆಗೆ ಕೈಯಿಂದ ಎಷ್ಟು ಕೊಡುತ್ತಾರೆ ಅಂತ ಆಗಾಗ ಪಟ್ಟಿ ಬರುತ್ತದಲ್ಲ, ಅದರಲ್ಲಿ ಈ ನೋಟ್‌ಬುಕ್ ಎಲ್ಲಿದೆ?

ಉತ್ತರ 1:
ನಾನು ಕೆಲವು ವರ್ಷ ಮನೆಮನೆ ಸಮೀಕ್ಷೆಯ ಕೆಲಸ ಮಾಡಿದ್ದೇನೆ. ಆರೋಗ್ಯದ ಸಮೀಕ್ಷೆಯಲ್ಲಿ ಆಸ್ಪತ್ರೆಗೆ ದಾಖಲಾಗಿದ್ದರೆ ಹಿಂದಿನ 365 ದಿನದ್ದು ಕೇಳುತ್ತೇವೆ, ದಾಖಲಾಗದ ಕಾಯಿಲೆಗೆ 15 ದಿನದ್ದು. ಗಾಡಿ, ಊಟ, ರೂಮು ಎಲ್ಲ ಕೇಳುತ್ತೇವೆ ಮೇಡಂ, ಬರೆದುಕೊಳ್ಳುತ್ತೇವೆ. ಆದರೆ ಪತ್ರಿಕೆಯಲ್ಲಿ ಹೆಚ್ಚಾಗಿ ಬರುವುದು ವೈದ್ಯಕೀಯ ಖರ್ಚು. 2017-18ರ ಸಮೀಕ್ಷೆಯಲ್ಲಿ, ಹೆರಿಗೆ ಬಿಟ್ಟು, ಒಂದು ಸಲ ದಾಖಲಾದರೆ ದೇಶದ ಸರಾಸರಿ ಸರ್ಕಾರಿ ಆಸ್ಪತ್ರೆಯಲ್ಲಿ 4,452 ರೂಪಾಯಿ, ಖಾಸಗಿಯಲ್ಲಿ 31,845. ನಿಮ್ಮ ತಮ್ಮನ ಪಟ್ಟಿಯಲ್ಲಿ ಮುಖ್ಯವಾಗಿ ಇದಕ್ಕೆ ಸೇರುವುದು ಆ ಔಷಧ, ಸ್ಕ್ಯಾನ್. ಮಿಕ್ಕದ್ದು ಬಹುಪಾಲು ದೂರದ ಖರ್ಚು. ಜಿಲ್ಲೆಯಿಂದ ಜಿಲ್ಲೆಗೆ ಹೆಚ್ಚು ಬದಲಾಗುವುದೂ ಅದೇ.

ಉತ್ತರ 2:
ನಾನು ಕಾಸರಗೋಡಿನವನು. ಕೇರಳದ ಆರೋಗ್ಯ ವ್ಯವಸ್ಥೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಒಳ್ಳೆಯದೇ. ಆದರೂ ಕೇಂದ್ರ ಸರ್ಕಾರದ 2019-20ರ ರಾಷ್ಟ್ರೀಯ ಆರೋಗ್ಯ ಲೆಕ್ಕದಲ್ಲಿ ಕೇರಳದ ಒಟ್ಟು ಆರೋಗ್ಯ ಖರ್ಚಿನ ಮೂರರಲ್ಲಿ ಎರಡು ಪಾಲು ಮನೆಯವರ ಕೈಯಿಂದಲೇ ಹೋಗಿದೆ. ಉತ್ತರ ಪ್ರದೇಶದಲ್ಲಿ ಶೇ. 70ಕ್ಕೂ ಜಾಸ್ತಿ. ಶೇಕಡಾವಾರು ಹತ್ತಿರ ಹತ್ತಿರ, ಕಾರಣ ಮಾತ್ರ ಬೇರೆ ಬೇರೆ. ಅಲ್ಲಿ ಸರ್ಕಾರಿ ಆಸ್ಪತ್ರೆ ಸಾಲದು. ನಮ್ಮಲ್ಲಿ ವಯಸ್ಸಾದವರು ಜಾಸ್ತಿ, ಶುಗರ್ ಬಿಪಿ ಜಾಸ್ತಿ, ಸ್ವಲ್ಪ ಏನಾದರೂ ಡಾಕ್ಟರ ಹತ್ತಿರ ಹೋಗುತ್ತೇವೆ. ತಲಾ ಖರ್ಚು ನೋಡಿದರೆ ಅವರದ್ದು ನಮ್ಮ ಅರ್ಧಕ್ಕಿಂತ ಕಡಿಮೆ. ಹಾಗಂತ ಅವರು ಆರೋಗ್ಯವಾಗಿದ್ದಾರೆ ಅಂತಲ್ಲ.

ಇನ್ನೊಂದು ಮಾತು. ನಮ್ಮ ಕಡೆಯವರು ದೊಡ್ಡ ಕಾಯಿಲೆಗೆಲ್ಲ ಮಂಗಳೂರಿಗೇ ಬರುವುದು. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ಗಡಿ ಮುಚ್ಚಿದಾಗ ರೋಗಿಗಳು ಅಲ್ಲೇ ಸಿಕ್ಕಿಕೊಂಡರು. ಒಂದು ರಾಜ್ಯಕ್ಕೆ ಒಂದೇ ಅಂಕಿ ಕೊಟ್ಟರೆ ನಾವು ಅದರಲ್ಲಿ ಕಾಣುವುದಿಲ್ಲ.

ಉತ್ತರ 3:
ಅಕ್ಕಾ, ನಾನು ಫಾರ್ಮಸಿಸ್ಟ್. ಆ 6,850 ನೋಡಿ ಬೇಜಾರಾಯಿತು. ಬಿಪಿಎಲ್ ಕಾರ್ಡಿನವರಿಗೆ ಸಿಗುವ ಆಯುಷ್ಮಾನ್ ಭಾರತ ಯೋಜನೆಯಲ್ಲಿ ದಾಖಲಾದಾಗಿನ ಔಷಧ, ಪರೀಕ್ಷೆ ಪ್ಯಾಕೇಜಿನೊಳಗೇ ಬರುತ್ತವೆ. ಬಿಡುಗಡೆಯಾದ ಮೇಲೂ 15 ದಿನದ ಔಷಧ ಸೇರಿದೆ. ಹೊರಗಿನ ಚೀಟಿ ಕೊಟ್ಟರೆ ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕ್ಕೆ ಇರುವ ಆರೋಗ್ಯ ಮಿತ್ರರನ್ನು ಕೇಳಿ, ಯೋಜನೆಯ ಸಹಾಯವಾಣಿ 14555ಕ್ಕೆ ಫೋನ್ ಮಾಡಿ. ಬಿಲ್ಲು ಇಟ್ಟಿದ್ದರೆ ಈಗಲೂ ದೂರು ಕೊಡಿ. ತಮಿಳುನಾಡು 1994ರಲ್ಲೇ ಔಷಧ ಖರೀದಿಗೆ ನಿಗಮ ಮಾಡಿತು. ಯಾವ ಗೋದಾಮಿನಲ್ಲಿ ಏನು ಮುಗಿಯುತ್ತಿದೆ ಅಂತ ಮೊದಲೇ ಗೊತ್ತಾಗುವ ಹಾಗೆ ನಡೆಸಿತು. ರಾಜಸ್ಥಾನ 2011ರ ಅಕ್ಟೋಬರ್ 2ರಿಂದ ಉಚಿತ ಔಷಧ ಯೋಜನೆ ತಂದಿತು. ಯೋಜನೆ ಕಾಗದದ ಮೇಲೆ ಇದ್ದರೆ ಸಾಲದು, ಕಪಾಟಿನಲ್ಲಿ ಮಾತ್ರೆ ಇರಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಆರೋಗ್ಯ ಮಿತ್ರ ಅಂತ ಒಬ್ಬರು ಇರುತ್ತಾರೆ ಅಂತಲೇ ತಮ್ಮನಿಗೆ ಗೊತ್ತಿರಲಿಲ್ಲ. ಬಿಲ್ಲುಗಳು ನೋಟ್‌ಬುಕ್‌ನೊಳಗೇ ಇವೆಯಂತೆ, ದೂರು ಕೊಡುತ್ತೇವೆ.

ಕಾಸರಗೋಡಿನ ಅಣ್ಣ ಹೇಳಿದ ಮಾತು ಮನಸ್ಸಿಗೆ ನಾಟಿತು. ಕಡಿಮೆ ಖರ್ಚು ಅಂದರೆ ಆರೋಗ್ಯ ಅಂತಲ್ಲ. ಇಲ್ಲಿ ಅತ್ತೆಗೆ ಫಿಸಿಯೋಥೆರಪಿ ಮಾಡಿಸುವವರು ವಾರಕ್ಕೆ ಎರಡು ಸಲ ಮನೆಗೇ ಬರುತ್ತಿದ್ದರು. ಈಗ ಕೋಲು ಹಿಡಿದು ತೋಟದ ತನಕ ಹೋಗುತ್ತಾರೆ. ಅವ್ವನನ್ನು ನಾಲ್ಕನೇ ಸಲ ತೋರಿಸಲು ಕರೆದುಕೊಂಡು ಹೋಗಬೇಕಿತ್ತು. "ನಂಗೇನೂ ಆಗಿಲ್ಲ, ಬ್ಯಾಡ ಬಿಡು" ಅಂದಳಂತೆ. ನೋಟ್‌ಬುಕ್‌ನಲ್ಲಿ ಆ ತಿಂಗಳು ಏನೂ ಖರ್ಚಿಲ್ಲ. ಅವ್ವ ಈಗಲೂ ವಾಕರ್ ಹಿಡಿದು ಹೊಸ್ತಿಲ ತನಕ ಬರುತ್ತಾಳೆ, ಅಲ್ಲೇ ನಿಲ್ಲುತ್ತಾಳೆ.