ಮಗಳ ಹತ್ತು ಕಾಲೇಜುಗಳ ಪಟ್ಟಿ: ನಿಜವಾಗಿ ಎಷ್ಟು ಅವಕಾಶ ಇದೆ?

ಪ್ಲೇನೋ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳು ಹನ್ನೊಂದನೇ ಕ್ಲಾಸ್ ಮುಗಿಸಿದ್ದಾಳೆ, ಆಗಸ್ಟ್‌ನಿಂದ ಸೀನಿಯರ್. ಕಂಪ್ಯೂಟರ್ ಸೈನ್ಸ್ ಓದಬೇಕು ಅಂತ ಆಸೆ. ನಾವು ಇಲ್ಲಿ ಟೆಕ್ಸಾಸ್‌ಗೆ ಬಂದು ಒಂಬತ್ತು ವರ್ಷ ಆಯಿತು, ಆದರೂ ಈ ಅಡ್ಮಿಷನ್ ವ್ಯವಹಾರ ನನಗೆ ಅರ್ಥವೇ ಆಗುತ್ತಿಲ್ಲ. ನಮ್ಮ ಕಾಲದಲ್ಲಿ ಸಿಇಟಿ ರ‍್ಯಾಂಕ್ ಬಂದರೆ ಯಾವ ಕಾಲೇಜು ಸಿಗುತ್ತೆ ಅಂತ ಹಿಂದಿನ ವರ್ಷದ ಕಟ್‌ಆಫ್ ನೋಡಿ ಹೇಳಿಬಿಡುತ್ತಿದ್ದೆವು. ಇಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ.

ಅವಳ ವಿವರ ಇಷ್ಟು. ದೊಡ್ಡ ಪಬ್ಲಿಕ್ ಸ್ಕೂಲು, ಬ್ಯಾಚಿನಲ್ಲಿ 880 ಮಕ್ಕಳು, ಇವಳ ರ‍್ಯಾಂಕ್ 71. ಸ್ಯಾಟ್ ಪರೀಕ್ಷೆಯಲ್ಲಿ 1600ಕ್ಕೆ 1510, ಅದರಲ್ಲಿ ಗಣಿತ 800ಕ್ಕೆ 780. ಎಪಿ (ಹೈಸ್ಕೂಲಿನಲ್ಲೇ ಬರೆಯುವ ಕಾಲೇಜು ಮಟ್ಟದ ಪರೀಕ್ಷೆ, 5ಕ್ಕೆ ಅಂಕ) ಕ್ಯಾಲ್ಕುಲಸ್ ಬಿಸಿ ಮತ್ತು ಕಂಪ್ಯೂಟರ್ ಸೈನ್ಸ್‌ನಲ್ಲಿ 5, ಹಿಸ್ಟರಿ ಎರಡರಲ್ಲೂ 4. ರೋಬಾಟಿಕ್ಸ್ ತಂಡದಲ್ಲಿ ಮೂರು ವರ್ಷ, ಕರ್ನಾಟಕ ಸಂಗೀತ ಒಂಬತ್ತು ವರ್ಷ, ಲೈಬ್ರರಿಯಲ್ಲಿ ವಾಲಂಟಿಯರ್. ಭಾನುವಾರ ಕನ್ನಡ ಕಲಿ ತರಗತಿಯಲ್ಲಿ ಚಿಕ್ಕ ಮಕ್ಕಳಿಗೆ ಹೇಳಿಕೊಡುತ್ತಾಳೆ, ಅವರಿಗೆ ಒತ್ತಕ್ಷರ ಬರೆಯೋದು ಕಷ್ಟ ಅಂತ ಒಂದು ಪುಟ್ಟ ಪ್ರೋಗ್ರಾಂ ಕೂಡ ಮಾಡಿಕೊಂಡಿದ್ದಾಳೆ.

ಪಟ್ಟಿ: ಎಂಐಟಿ, ಸ್ಟ್ಯಾನ್‌ಫರ್ಡ್, ಕಾರ್ನೆಗಿ ಮೆಲನ್, ಕಾರ್ನೆಲ್, ಡ್ಯೂಕ್, ರೈಸ್, ಬರ್ಕ್ಲಿ, ಜಾರ್ಜಿಯಾ ಟೆಕ್, ಇಲಿನಾಯ್ ಅರ್ಬಾನಾ-ಶಾಂಪೇನ್, ಯುಟಿ (ಯೂನಿವರ್ಸಿಟಿ ಆಫ್ ಟೆಕ್ಸಾಸ್) ಆಸ್ಟಿನ್.

ನಮ್ಮ ಯಜಮಾನರು ಒಂದೊಂದರಲ್ಲಿ 5% ಅಂತ ಹಿಡಿದರೂ ಹತ್ತರಲ್ಲಿ ಎಲ್ಲಾದರೂ ಒಂದು ಸಿಗುವ ಸಂಭವ 40% ಅಂತ ಲೆಕ್ಕ ಹಾಕಿ ತೋರಿಸಿದರು. ಆ ಲೆಕ್ಕ ಸರಿಯಾ? ಕಾರ್ನೆಲ್‌ಗೆ ಅರ್ಲಿ ಡಿಸಿಷನ್ (ಸಿಕ್ಕರೆ ಅಲ್ಲೇ ಸೇರುತ್ತೇವೆ ಅಂತ ಮೊದಲೇ ಹಾಕುವ ಅರ್ಜಿ) ಹಾಕಿದರೆ ಇನ್ನೂ ಹೆಚ್ಚುತ್ತೆ ಅಂತ ಸ್ನೇಹಿತರು ಹೇಳುತ್ತಾರೆ. ಮುಚ್ಚುಮರೆ ಯಾಕೆ, ನಾವು ವರ್ಷಕ್ಕೆ 35 ಸಾವಿರ ಡಾಲರ್‌ಗಿಂತ ಹೆಚ್ಚು ಕೊಡಲಾರೆವು, ಇನ್ನೊಬ್ಬ ಮಗನೂ ಇದ್ದಾನೆ. ಗ್ರೀನ್ ಕಾರ್ಡ್ ಇನ್ನೂ ಸಾಲಿನಲ್ಲಿದೆ, ಮಗಳು ಎಚ್-4, ಅಂದರೆ ನಮ್ಮ ಕೆಲಸದ ವೀಸಾಕ್ಕೆ ಸೇರಿದ ಕುಟುಂಬದ ವೀಸಾದಲ್ಲಿದ್ದಾಳೆ. ರಾತ್ರಿ ನಿದ್ದೆ ಬರುವುದಿಲ್ಲ. ದಯವಿಟ್ಟು ಇದ್ದದ್ದು ಇದ್ದ ಹಾಗೆ ಹೇಳಿ.

ಧಾರವಾಡದಾಂವ

ಅಕ್ಕಾರ, ನಮ್ಮ ಮಗಂದು ಎರಡು ವರ್ಷದ ಹಿಂದ ಹಿಂಗ ಇತ್ತು. ಸ್ಯಾಟ್ 1540, ರ‍್ಯಾಂಕೂ ಚೊಲೋನ ಇತ್ತು. ಹನ್ನೆರಡು ಕಡೆ ಹಾಕಿದ್ವಿ. ಹತ್ತು ಕಡೆ ಇಲ್ಲ ಅಂದ್ರು, ಒಂದು ಕಡೆ ವೇಟ್‌ಲಿಸ್ಟ್. ಉಳಿದದ್ದೊಂದು, ಹೊರಗಿನ ರಾಜ್ಯದ್ದು, ಸೀಟು ಕೊಡ್ತು ಖರೆ, ಆದ್ರ ವರ್ಷಕ್ಕ 68 ಸಾವಿರ ಡಾಲರ್ ಕಟ್ಟಬೇಕಂತ. ಮಾರ್ಚ್ ಕಡೀ ವಾರ ಮನ್ಯಾಗ ಒಬ್ಬರೂ ಸರಿಯಾಗಿ ಉಂಡಿಲ್ಲ. ಹುಡುಗ ಖೋಲಿ ಬಾಗಿಲ ತಗೀಲಿಲ್ಲ.

ಮನಿ ಹತ್ರದ ಒಂದು ಸರ್ಕಾರಿ ಯೂನಿವರ್ಸಿಟಿ ಏಪ್ರಿಲ್‌ನಾಗೂ ಅರ್ಜಿ ತಗೊಳ್ತಿತ್ತು, ಅಲ್ಲೇ ಸೇರಿಸಿದ್ವಿ. ಈಗ ಅಂವಾ ಅಲ್ಲಿ ಆರಾಮ ಅದಾನ. ಆದ್ರ ಅಷ್ಟೊತ್ತಿಗೆ ಸ್ಕಾಲರ್‌ಶಿಪ್ಪಿನ ಗಡುವು ದಾಟಿ ಹೋಗಿತ್ತು. ಅಕ್ಟೋಬರ್‌ದಾಗ ಹಾಕಿದ್ರ ಅದೇ ಕಾಲೇಜಿನಾಗ ಸ್ಕಾಲರ್‌ಶಿಪ್ಪಿಗೂ ಸಾಲಿನ್ಯಾಗ ನಿಲ್ತಿದ್ದ. ಅದನ್ನ ನೆನಸಿದ್ರ ನನಗ ಇವತ್ತಿಗೂ ಹೊಟ್ಟಿ ಉರೀತದ. ನಿಮ್ಮ ಪಟ್ಟಿ ನೋಡಿ ಎದಿ ಝಲ್ ಅಂತು, ಅದಕ್ಕ ಬರದೆ. ಖಾತ್ರಿ ಸಿಗೂದು ಒಂದೂ ಇಲ್ಲ ಅದರಾಗ.

ಹಳೆಯ ರೀಡರ್

ಪ್ಲೇನೋ ಅಮ್ಮ ಅವರೇ, ನಾನು ಎರಡು ಸೀಸನ್ ಒಂದು ಪಬ್ಲಿಕ್ ಯೂನಿವರ್ಸಿಟಿಗೆ ಹೊರಗಿನ ರೀಡರ್ ಆಗಿ ಅರ್ಜಿಗಳನ್ನು ಓದಿದ್ದೇನೆ. ನಂತರ ನನ್ನ ಮಗಳ ಸರದಿಯೂ ಬಂತು. ಎರಡೂ ಕಡೆಯಿಂದ ಕಂಡದ್ದನ್ನು ಬರೆಯುತ್ತೇನೆ.

ಮೊದಲು ಆ 40%. ಹತ್ತು ಕಾಲೇಜುಗಳು ಹತ್ತು ಬೇರೆ ಬೇರೆ ನಾಣ್ಯಗಳಾಗಿದ್ದರೆ ಯಜಮಾನರ ಲೆಕ್ಕ ಸರಿ. ಆದರೆ ಹತ್ತೂ ಕಡೆ ಓದುವುದು ಅದೇ ಹುಡುಗಿಯ ಅದೇ ಫೈಲನ್ನು. ಒಂದು ಕಡೆ ಆ ಫೈಲು ಎದ್ದು ಕಾಣದಿದ್ದರೆ ಅದೇ ಕಾರಣಕ್ಕೆ ಇನ್ನೊಂದು ಕಡೆಯೂ ಕಾಣುವುದಿಲ್ಲ. ಹಾಗಾಗಿ ನಿಜವಾದ ಸಂಭವ ಅದಕ್ಕಿಂತ ಕಡಿಮೆ. ಎರಡನೆಯದು, ಆ 5% ಕಾಲೇಜಿನ ಸರಾಸರಿ, ನಿಮ್ಮ ಮಗಳದಲ್ಲ. ಎಂಐಟಿಗೆ 2024ರಲ್ಲಿ ಸೇರುವ ಬ್ಯಾಚಿಗೆ 28,232 ಅರ್ಜಿ ಬಂದು 1,275 ಜನರಿಗೆ ಸೀಟು ಸಿಕ್ಕಿತು. ಅದು ಸುಮಾರು 4.5%. ಆದರೆ ಎಂಐಟಿ ಲೆಕ್ಕದಲ್ಲಿ ಎಚ್-4 ಮಗು ಟೆಕ್ಸಾಸ್‌ನಲ್ಲೇ ಓದಿದ್ದರೂ ಅಂತರರಾಷ್ಟ್ರೀಯ ವಿದ್ಯಾರ್ಥಿ, ಆ ಗುಂಪಿಗೆ ಸಿಗುವ ಪ್ರಮಾಣ ಅಮೆರಿಕದ ಮಕ್ಕಳಿಗಿಂತ ಅರ್ಧಕ್ಕೂ ಕಡಿಮೆ. ಅಲ್ಲಿ ಸೇರುವವರ ಸ್ಯಾಟ್ ಗಣಿತದಲ್ಲಿ 25ನೇ ಪರ್ಸೆಂಟೈಲೇ 780ರ ಆಸುಪಾಸು. ಅಂದರೆ ನಮ್ಮ ಕಣ್ಣಿಗೆ ದೊಡ್ಡದಾಗಿ ಕಾಣುವ 780 ಅಲ್ಲಿ ಹೊಸ್ತಿಲು ಅಷ್ಟೇ.

ಈಗ ದುಡ್ಡಿನ ಮಾತು. ಇದನ್ನು ಕೊನೆಗೆ ಇಟ್ಟುಕೊಂಡ ಮನೆಗಳಲ್ಲೇ ಏಪ್ರಿಲ್‌ನಲ್ಲಿ ಅಳು ಕೇಳಿದ್ದೇನೆ. ಎಚ್-4 ಮಕ್ಕಳಿಗೆ ಫಾಫ್ಸಾ ಅನ್ನುವ ನೆರವಿನ ಅರ್ಜಿಯ ಮೂಲಕ ಕೇಂದ್ರ ಸರ್ಕಾರದ ನೆರವು ಇಲ್ಲ. ನೆರವಿನ ವಿಷಯದಲ್ಲಿ ಹೆಚ್ಚಿನ ಖಾಸಗಿ ಕಾಲೇಜುಗಳು ಅವರನ್ನು ಅಂತರರಾಷ್ಟ್ರೀಯ ಅಂತಲೇ ನೋಡುತ್ತವೆ. ನಿಮ್ಮ ಪಟ್ಟಿಯಲ್ಲಿ ಆ ಮಕ್ಕಳ ಹಣಕಾಸು ನೋಡದೆ ಸೀಟು ನಿರ್ಧರಿಸಿ, ಆಮೇಲೆ ಅಗತ್ಯವಿದ್ದಷ್ಟೂ ಕೊಡುವುದು ಎಂಐಟಿ ಮಾತ್ರ. ಸ್ಟ್ಯಾನ್‌ಫರ್ಡ್, ಕಾರ್ನೆಲ್, ಡ್ಯೂಕ್, ರೈಸ್ ಇವೆಲ್ಲ ನೆರವು ಕೇಳಿದ್ದನ್ನೂ ತೂಕಕ್ಕೆ ಹಾಕುತ್ತವೆ. ಕಾರ್ನೆಗಿ ಮೆಲನ್ ಅಂತರರಾಷ್ಟ್ರೀಯ ಮಕ್ಕಳಿಗೆ ಪದವಿ ಮಟ್ಟದಲ್ಲಿ ನೆರವೇ ಕೊಡುವುದಿಲ್ಲ. ಖಾಸಗಿ ಕಾಲೇಜಿನ ಪೂರ್ತಿ ಖರ್ಚು ಈಗ ವರ್ಷಕ್ಕೆ 80 ಸಾವಿರ ಡಾಲರ್ ದಾಟಿದೆ. ಬರ್ಕ್ಲಿಯಲ್ಲಿ ಹೊರರಾಜ್ಯದವರಿಗೆ 70 ಸಾವಿರಕ್ಕೂ ಮೇಲೆ. ಇನ್ನೊಂದು ವಿಷಯ, ಬರ್ಕ್ಲಿ ಸೇರಿ ಕ್ಯಾಲಿಫೋರ್ನಿಯಾದ ಯುಸಿ ಕಾಲೇಜುಗಳು ಸೀಟು ಕೊಡುವಾಗ ಸ್ಯಾಟ್ ನೋಡುವುದೇ ಇಲ್ಲ, 1510 ಅಲ್ಲಿ ಕೆಲಸಕ್ಕೆ ಬರುವುದಿಲ್ಲ.

ಇದೇ ಕಾರಣಕ್ಕೆ ಕಾರ್ನೆಲ್ ಅರ್ಲಿ ಡಿಸಿಷನ್ ಬೇಡ ಅನ್ನುತ್ತೇನೆ. ಅದು ಕೊಟ್ಟ ಮಾತು: ಸೀಟು ಸಿಕ್ಕರೆ ಬೇರೆ ಅರ್ಜಿಗಳನ್ನೆಲ್ಲ ಹಿಂತೆಗೆಯಬೇಕು. ನೆರವು ಸಾಲದಿದ್ದರೆ ಬಿಡಿಸಿಕೊಳ್ಳಬಹುದು ನಿಜ, ಆದರೆ ಡಿಸೆಂಬರ್‌ನಲ್ಲಿ ಮಗಳಿಗೆ ‘ಸಿಕ್ಕಿತು, ಆದರೆ ಕಳಿಸಲಾರೆವು’ ಅನ್ನುವ ಪರಿಸ್ಥಿತಿಗೆ ನೀವಾಗಿಯೇ ಹೋಗಬೇಡಿ.

ಹಾಗಾದರೆ ಎಲ್ಲಿಂದ ಶುರು? ಕೆಳಗಿನಿಂದ, ಅಂದರೆ ಖಾತ್ರಿ ಸಿಗುವ ಕಡೆಯಿಂದ. ಟೆಕ್ಸಾಸ್‌ನಲ್ಲಿ 1997ರ ಕಾನೂನಿನ ಪ್ರಕಾರ ಶಾಲೆಯ ಮೊದಲ 10%ರಲ್ಲಿ ಬಂದ ಮಕ್ಕಳಿಗೆ ರಾಜ್ಯದ ಸರ್ಕಾರಿ ಯೂನಿವರ್ಸಿಟಿಗಳಲ್ಲಿ ಪ್ರವೇಶ ಖಾತ್ರಿ. 880ರಲ್ಲಿ 71 ಅಂದರೆ ಸುಮಾರು 8%, ಅವಳು ಒಳಗಿದ್ದಾಳೆ. ಯುಟಿ ಆಸ್ಟಿನ್ ಮಾತ್ರ ಇದಕ್ಕೆ ಹೊರತು. ಅಲ್ಲಿ ಸ್ವಯಂ ಪ್ರವೇಶ 6% ಇದ್ದದ್ದು 2026ರಲ್ಲಿ ಸೇರುವವರಿಂದ 5% ಆಗಿದೆ. ನಿಮ್ಮ ಶಾಲೆಯಲ್ಲಿ ಅದು 44ನೇ ರ‍್ಯಾಂಕಿಗೆ ನಿಲ್ಲುತ್ತದೆ. ಹಾಗಾಗಿ ಆಸ್ಟಿನ್‌ನಲ್ಲಿ ಇವಳ ಫೈಲನ್ನು ಪೂರ್ತಿ ಓದಿ ತೂಗುತ್ತಾರೆ, ಅದರ ಮೇಲೆ ಕಂಪ್ಯೂಟರ್ ಸೈನ್ಸ್ ಬಹಳ ಬಿಗಿ. ಸ್ವಯಂ ಪ್ರವೇಶ ಸಿಕ್ಕವರಿಗೂ ಯೂನಿವರ್ಸಿಟಿ ಖಾತ್ರಿಯೇ ಹೊರತು ಮೇಜರ್ (ಓದುವ ಮುಖ್ಯ ವಿಷಯ) ಅಲ್ಲ. ಎರಡನೇ ಆಯ್ಕೆಗೆ ಏನು ಹಾಕಬೇಕು, ಗಣಿತವೋ ಇನ್ಫರ್ಮ್ಯಾಟಿಕ್ಸೋ, ಅಂತ ಈಗಲೇ ಕೂತು ಮಾತಾಡಿ. ಒಳಗೆ ಹೋದಮೇಲೆ ಕಂಪ್ಯೂಟರ್ ಸೈನ್ಸ್‌ಗೆ ಬದಲಾಯಿಸಿಕೊಳ್ಳೋಣ ಅನ್ನುವ ಧೈರ್ಯ ಬೇಡ, ಅದು ತುಂಬಾ ಕಷ್ಟ.

ಯುಟಿ ಡಲ್ಲಾಸ್ ಮತ್ತು ಟೆಕ್ಸಾಸ್ ಎ ಆಂಡ್ ಎಂ ಪಟ್ಟಿಗೆ ಸೇರಿಸಿ. ಡಲ್ಲಾಸ್‌ನಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಇದೆ, ಗಡುವು ನೋಡಿಕೊಳ್ಳಿ. ಇಲ್ಲಿ ವರ್ಷಗಟ್ಟಲೆ ನೆಲೆಸಿರುವ ಎಚ್-4 ಮಕ್ಕಳಿಗೆ ಟೆಕ್ಸಾಸ್ ಇನ್-ಸ್ಟೇಟ್ ಫೀ ಕೊಡುತ್ತದೆ, ರೆಸಿಡೆನ್ಸಿ ಪ್ರಶ್ನೆಗಳನ್ನು ತಪ್ಪಿಲ್ಲದೆ ತುಂಬಬೇಕು. 21 ತುಂಬಿದ ಮೇಲೆ ಎಚ್-4 ಉಳಿಯುವುದಿಲ್ಲ, ಗ್ರೀನ್ ಕಾರ್ಡ್ ಬಾರದಿದ್ದರೆ ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋಗಬೇಕಾಗುತ್ತದೆ. ಆಗ ಫೀ ಏನಾಗುತ್ತದೆ ಅಂತ ಪ್ರತಿ ಕಾಲೇಜಿಗೂ ಈಗಲೇ ಇಮೇಲ್ ಮಾಡಿ, ಉತ್ತರ ಇಟ್ಟುಕೊಳ್ಳಿ. ಫೋನಿನಲ್ಲಿ ಹೇಳಿದ್ದು ಸಾಲದು.

ಕೊನೆಯದಾಗಿ, ನಿಮ್ಮ ವಿವರದಲ್ಲಿ ನನ್ನ ಕಣ್ಣು ನಿಂತ ಒಂದೇ ಸಾಲು. ರೋಬಾಟಿಕ್ಸ್, ಸಂಗೀತ, ಲೈಬ್ರರಿ ಇವನ್ನು ನಾನು ದಿನಕ್ಕೆ ಹತ್ತಾರು ಫೈಲುಗಳಲ್ಲಿ ಓದುತ್ತಿದ್ದೆ. ಒಳ್ಳೆಯವೇ, ಆದರೆ ಓದಿ ಮುಗಿಸಿದ ಮೇಲೆ ಯಾವ ಮಗುವಿನದು ಯಾವುದು ಅಂತ ನೆನಪಿರುತ್ತಿರಲಿಲ್ಲ. ಒತ್ತಕ್ಷರದ ಪ್ರೋಗ್ರಾಂ ಅಂಥದ್ದಲ್ಲ. ಅದನ್ನು ನೀವು ‘ಕೂಡ’ ಅಂತ ಹಿಂದೆ ಸೇರಿಸಿದ್ದೀರಿ. ಎಷ್ಟು ಮಕ್ಕಳು ಬಳಸುತ್ತಾರೆ, ಮಕ್ಕಳು ಎಲ್ಲಿ ತಪ್ಪುತ್ತಾರೆ ಅಂತ ಅವಳಿಗೆ ಹೇಗೆ ಗೊತ್ತಾಯಿತು, ಮೊದಲು ಮಾಡಿದ್ದು ಸರಿಹೋಗದೆ ಏನು ಬದಲಾಯಿಸಿದಳು, ಇದನ್ನೆಲ್ಲ ಅವಳನ್ನೇ ಕೇಳಿ. ಹಲವು ಕಾಲೇಜುಗಳಿಗೆ ಒಂದೇ ಅರ್ಜಿಯಾದ ಕಾಮನ್ ಆಪ್‌ನಲ್ಲಿ ಹತ್ತು ಚಟುವಟಿಕೆಗೆ ಜಾಗ ಇದೆ, ಒಂದೊಂದರ ವಿವರಣೆಗೆ 150 ಅಕ್ಷರ. ಈ ಚಟುವಟಿಕೆ ಮೊದಲನೆಯದಾಗಲಿ.

ಕಾಲೇಜ್ ಸ್ಟೇಷನ್ ಹುಡುಗ

ಆಂಟಿ, ನಾನು ಎ ಆಂಡ್ ಎಂನಲ್ಲಿ ಮೂರನೇ ವರ್ಷ. ಒಂದು ವಿಷಯ ತಿಳಿದಿರಲಿ ಅಂತ ಬರೀತಿದ್ದೀನಿ. 10% ಒಳಗಿದ್ದರೆ ಯೂನಿವರ್ಸಿಟಿ ಸಿಗುತ್ತೆ, ಆದರೆ ಎಂಜಿನಿಯರಿಂಗ್ ಬೇರೆ ಲೆಕ್ಕ, ಅಲ್ಲಿ ಸೀಟು ಬೇಗ ತುಂಬುತ್ತೆ. ಕಂಪ್ಯೂಟರ್ ಸೈನ್ಸ್ ಅದರೊಳಗೇ ಬರುತ್ತೆ. ನಾನು ಸೇರಿದಾಗ ಎಲ್ಲರೂ ಮೊದಲ ವರ್ಷ ಜನರಲ್ ಎಂಜಿನಿಯರಿಂಗ್, ಆಮೇಲೆ ಮೇಜರ್. ಜಿಪಿಎ 3.75 ಇದ್ದರೆ ಕೇಳಿದ ಮೇಜರ್ ಖಾತ್ರಿ, ಅದಕ್ಕಿಂತ ಕಡಿಮೆ ಆದರೆ ಮತ್ತೆ ಅರ್ಜಿ, ಮತ್ತೆ ಕಾಯೋದು. ನನ್ನ ರೂಮ್‌ಮೇಟ್ ಮೊದಲ ಸೆಮಿಸ್ಟರ್ ಕೆಮಿಸ್ಟ್ರಿಯಲ್ಲಿ ಎಡವಿದ, ಈಗ ಬೇರೆ ಮೇಜರ್‌ನಲ್ಲಿದ್ದಾನೆ. ತಂಗಿಗೆ ಕಂಪ್ಯೂಟರ್ ಸೈನ್ಸೇ ಬೇಕು ಅಂತಿದ್ದರೆ ಎ ಆಂಡ್ ಎಂ, ಡಲ್ಲಾಸ್ ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಲಿ, ಡಲ್ಲಾಸ್‌ನಲ್ಲಿ ಮೇಜರ್ ಯಾವಾಗ ತೀರ್ಮಾನ ಆಗುತ್ತೆ ಅಂತಲೂ ಕೇಳಲಿ.

ಪ್ಲೇನೋ ಅಮ್ಮ

ನಿಮ್ಮೆಲ್ಲರ ಮಾತನ್ನು ಮಗಳನ್ನೂ ಯಜಮಾನರನ್ನೂ ಕೂರಿಸಿಕೊಂಡು ಓದಿದೆ. ಅಣ್ಣಾ, ನಿಮ್ಮ ಮನೆಯ ಮಾರ್ಚ್ ತಿಂಗಳ ಬಗ್ಗೆ ಓದುವಾಗ ಯಜಮಾನರು ಮಾತೇ ಆಡಲಿಲ್ಲ. ಹತ್ತರಲ್ಲಿ ಐದು ತೆಗೆದೆವು. ಬರ್ಕ್ಲಿ ಮತ್ತು ಕಾರ್ನೆಗಿ ಮೆಲನ್ ಮೊದಲು ಹೋದವು, ಅವಳೇ ಗೆರೆ ಎಳೆದಳು. ಆಮೇಲೆ ಕಾರ್ನೆಲ್, ಡ್ಯೂಕ್, ಸ್ಟ್ಯಾನ್‌ಫರ್ಡ್. ಎಂಐಟಿ ಇರಲಿ ಅಂದಳು. ಸಿಗದಿದ್ದರೂ ಪರವಾಗಿಲ್ಲ, ಸಿಕ್ಕರೆ ಕಳಿಸಲು ಆಗುತ್ತೆ ತಾನೇ ಅಂತ ಕೇಳಿದಳು. ಡಲ್ಲಾಸ್ ಮತ್ತು ಎ ಆಂಡ್ ಎಂ ಸೇರಿದವು.

ಆ ಪ್ರೋಗ್ರಾಂ ಬಗ್ಗೆ ಕೇಳಿದೆ ಮೇಡಂ. ತರಗತಿಯಲ್ಲಿ ಹನ್ನೊಂದು ಮಕ್ಕಳು. ಎಲ್ಲರೂ ಒತ್ತಕ್ಷರ ತಪ್ಪುತ್ತಾರೆ ಅಂತ ನಾನು ತಿಳಿದಿದ್ದೆ. ಹಾಗಲ್ಲವಂತೆ. ಸಜಾತಿ ಒತ್ತು, ಅಪ್ಪ, ಅಮ್ಮ, ಅಜ್ಜಿ, ಎರಡೇ ವಾರಕ್ಕೆ ಬರುತ್ತಂತೆ. ಎಡವುವುದು ಅರ್ಕಾವೊತ್ತಿನಲ್ಲಿ, ಯಾಕೆಂದರೆ ಉಚ್ಚಾರದಲ್ಲಿ ಮೊದಲು ಬರುವುದನ್ನು ಬರೆಯುವಾಗ ಆಮೇಲೆ ಬರೆಯಬೇಕು. ‘ಸೂರ್ಯ’ ಬರೆಯಲು ಹೇಳಿದರೆ ಮಕ್ಕಳು ರಕಾರ ಮೊದಲು ಬರೆದುಬಿಡುತ್ತಾರೆ. ಅವಳು ಆರು ವಾರ ಪ್ರತಿ ಮಗುವಿನ ತಪ್ಪನ್ನು ಬರೆದಿಟ್ಟುಕೊಂಡು, ಆಮೇಲೆ ಹಳೆಯದನ್ನು ಅಳಿಸಿ ಅರ್ಕಾವೊತ್ತಿಗೆ ಮಾತ್ರ ಹೊಸದಾಗಿ ಮಾಡಿದಳಂತೆ. ಅದೇ ಮನೆಯಲ್ಲಿದ್ದೂ ನನಗೆ ಇದು ಗೊತ್ತಿರಲಿಲ್ಲ.

ಹಳೆಯ ರೀಡರ್

ನೀವು ಈಗ ಬರೆದದ್ದು ಅರ್ಜಿಯ ಜೊತೆ ಕೊಡಬೇಕಾದ 650 ಪದಗಳ ಪ್ರಬಂಧದ ಬೀಜ. ಅವಳೇ ಬರೆಯಲಿ, ನೀವು ತಿದ್ದಬೇಡಿ. ಆ ಆರು ವಾರದ ನೋಟ್‌ಬುಕ್ ಇದ್ದರೆ ಜೋಪಾನ ಮಾಡಿ, ಶಿಫಾರಸು ಪತ್ರ ಬರೆಯುವ ಕಂಪ್ಯೂಟರ್ ಸೈನ್ಸ್ ಟೀಚರ್‌ಗೆ ಶಾಲೆ ತೆರೆದ ಮೊದಲ ವಾರವೇ ತೋರಿಸಲಿ.

ಇನ್ನೊಂದು ಹೇಳಲು ಮರೆತಿದ್ದೆ. 10%ರ ಖಾತ್ರಿಗೆ ರ‍್ಯಾಂಕ್ ಒಂದೇ ಸಾಲದು, ಅವಳ ಡಿಪ್ಲೊಮಾ ಯೋಜನೆ ‘ಡಿಸ್ಟಿಂಗ್ವಿಶ್ಡ್’ ಮಟ್ಟದ್ದಾಗಿದೆಯೇ ಅಂತ ಕೌನ್ಸೆಲರ್ ಹತ್ತಿರ ಕೇಳಿ. ಎ ಆಂಡ್ ಎಂ, ಆಸ್ಟಿನ್ ಎರಡರ ಅರ್ಜಿಯೂ ಆಗಸ್ಟ್ 1ಕ್ಕೆ ತೆರೆಯುತ್ತದೆ. ಆಸ್ಟಿನ್‌ನ ಅರ್ಲಿ ಆಕ್ಷನ್ ಗಡುವು ಅಕ್ಟೋಬರ್ 15. ಇದು ಅರ್ಲಿ ಡಿಸಿಷನ್ ಥರ ಕಟ್ಟಿಹಾಕುವುದಿಲ್ಲ, ಹೆದರದೆ ಹಾಕಿ. ಉತ್ತರ ಜನವರಿ 15ರ ಒಳಗೆ.

ಪ್ಲೇನೋ ಅಮ್ಮ

ನೋಟ್‌ಬುಕ್ ಇದೆ ಮೇಡಂ, ಹಾರ್ಮೋನಿಯಂ ಪೆಟ್ಟಿಗೆಯ ಮೇಲೆ ಬಿದ್ದಿತ್ತು. ಕೌನ್ಸೆಲರ್‌ಗೆ ಈಗಷ್ಟೇ ಇಮೇಲ್ ಕಳಿಸಿದೆ.