ಬ್ರೂಸ್ ಡಿಕಿನ್ಸನ್ ಧ್ವನಿ ಈಗ ಹೇಗಿದೆ? ಅಣ್ಣನನ್ನು ಕರೆದುಕೊಂಡು ಹೋಗಬೇಕು

ತುಂಗೆ ದಂಡೆಯವಳು:

ನಾನು ಶಿವಮೊಗ್ಗದವಳು, 44 ವರ್ಷ. ನನಗೆ ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್ ಮತ್ತು ಅದರ ಗಾಯಕ ಬ್ರೂಸ್ ಡಿಕಿನ್ಸನ್ ಅವರ ಹುಚ್ಚು ಹಿಡಿಸಿದ್ದು ನನ್ನ ಅಣ್ಣ. 1996ರಲ್ಲಿ ಅವನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ. ದೀಪಾವಳಿ ರಜೆಗೆ ಬರುವಾಗ ಹಾಸ್ಟೆಲಿನ ಗೆಳೆಯನಿಂದ ರೆಕಾರ್ಡ್ ಮಾಡಿಸಿಕೊಂಡ ಒಂದು ಕ್ಯಾಸೆಟ್ ತಂದಿದ್ದ. ಐರನ್ ಮೇಡನ್‌ನ 1992ರ ಆಲ್ಬಂ. ಅರವತ್ತು ನಿಮಿಷದ ಕ್ಯಾಸೆಟ್ಟು, ಹಾಗಾಗಿ ಕೊನೆಯ ಹಾಡು 'ಫಿಯರ್ ಆಫ್ ದ ಡಾರ್ಕ್' ಮುಗಿಯುವ ಮೊದಲೇ ಟೇಪ್ ಮುಗಿದು ಗುಂಡಿ ಟಕ್ ಅಂತ ಮೇಲೇಳುತ್ತಿತ್ತು. ಆ ಹಾಡು ಅಬ್ಬರದ ಮಧ್ಯೆಯೇ ಮುಗಿಯುತ್ತದೆ ಅಂತ ಐದು ವರ್ಷ ನಂಬಿದ್ದೆವು. 2001ರಲ್ಲಿ ಎಂಪಿ3 ಸಿಡಿ ಸಿಕ್ಕಿತು. ಆಗಲೇ ಗೊತ್ತಾಗಿದ್ದು, ಗಿಟಾರಿನ ಗದ್ದಲವೆಲ್ಲ ಇಳಿದ ಮೇಲೆ ಬ್ರೂಸ್ ಮತ್ತೆ ಮೆಲ್ಲಗೆ, ತನ್ನಷ್ಟಕ್ಕೇ ಹೇಳಿಕೊಳ್ಳುವ ಹಾಗೆ, ಹಾಡು ಶುರುವಾದ ಸಾಲುಗಳಿಗೇ ಬರುತ್ತಾರೆ. ಅಣ್ಣ ಆ ಕೊನೆಯ ಕೆಲವೇ ಸೆಕೆಂಡನ್ನು ರಾತ್ರಿಯಿಡೀ ಹಾಕಿದ. ಅಮ್ಮ ಬಂದು ಮೇನ್ ಸ್ವಿಚ್ ಆಫ್ ಮಾಡಿದರು.

2007ರ ಮಾರ್ಚ್ 17ಕ್ಕೆ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅವರ ಕಾರ್ಯಕ್ರಮಕ್ಕೆ ಇಬ್ಬರೂ ಹೋಗಿದ್ದೆವು. ಬ್ರೂಸ್ ಅವರಿಗೆ ಆಗ 48. ಮಾನಿಟರ್ ಪೆಟ್ಟಿಗೆ ಮೇಲೆ ಕಾಲಿಟ್ಟು ನಿಂತರೆ ಮೈದಾನದ ಕೊನೆಯವರೆಗೂ ಧ್ವನಿ ಹೋಗುತ್ತಿತ್ತು. 2009ರಲ್ಲಿ ಮತ್ತೆ ಬೆಂಗಳೂರಿಗೆ ಬಂದಾಗ ನಾನು ಬಾಣಂತಿ, ಅಣ್ಣನೊಬ್ಬನೇ ಹೋಗಿ ಬಂದ.

2021ರಲ್ಲಿ ಅಣ್ಣನಿಗೆ ನಾಲಿಗೆಯ ಬುಡದಲ್ಲಿ ಕ್ಯಾನ್ಸರ್ ಅಂತ ಗೊತ್ತಾಯಿತು. ಬ್ರೂಸ್ ಅವರಿಗೆ ಬಂದಿದ್ದ ಜಾಗದಲ್ಲೇ. ಅವರ ಸುದ್ದಿ ಹೊರಗೆ ಬಂದಿದ್ದು 2015ರ ಫೆಬ್ರವರಿಯಲ್ಲಿ. ಏಳು ವಾರ ಕೀಮೋ, ರೇಡಿಯೇಷನ್ ಆಗಿ, ಮೇ ತಿಂಗಳಲ್ಲಿ ಗುಣವಾಗಿದೆ ಅಂತ ಡಾಕ್ಟರುಗಳು ಹೇಳಿದರು. 2016ರ ಫೆಬ್ರವರಿಗೆಲ್ಲ ವೇದಿಕೆಯಲ್ಲಿದ್ದರು. ಅಣ್ಣನಿಗೆ ಈ ತಾರೀಖುಗಳೆಲ್ಲ ಬಾಯಿಪಾಠ. ರೇಡಿಯೇಷನ್ನಿಗೆ ಹೋಗುವಾಗ ಕಾರಿನಲ್ಲಿ ಅದನ್ನೇ ಎಣಿಸುತ್ತಿದ್ದ. ಈಗ ಹುಷಾರಾಗಿದ್ದಾನೆ. ಆದರೆ ಬಾಯಿ ಒಣಗುತ್ತದೆ, ಕೈಯಲ್ಲಿ ಯಾವಾಗಲೂ ನೀರಿನ ಬಾಟಲಿ. ಅನ್ನಕ್ಕೆ ಸಾರು ಜಾಸ್ತಿ ಬೇಕು, ಇಲ್ಲದಿದ್ದರೆ ಇಳಿಯುವುದಿಲ್ಲ. ಹಾಡು ಕೇಳುತ್ತಾನೆ, ಜೊತೆಗೆ ಹಾಡುವುದನ್ನು ಮಾತ್ರ ಬಿಟ್ಟಿದ್ದಾನೆ.

ಮುಂದಿನ ವರ್ಷ ಅವನಿಗೆ 50. ಬ್ಯಾಂಡಿನ 50ನೇ ವರ್ಷದ ಪ್ರವಾಸ 2026ರಲ್ಲೂ ಯುರೋಪಿನಲ್ಲಿ ಇದೆ. ಜುಲೈನಲ್ಲಿ ಇಂಗ್ಲೆಂಡಿನ ನೆಬ್‌ವರ್ತ್‌ನಲ್ಲಿ ಕಾರ್ಯಕ್ರಮ. ಲಂಡನ್ನಿನಲ್ಲಿ ಚಿಕ್ಕಪ್ಪನ ಮಗ ಇದ್ದಾನೆ. ದುಡ್ಡು ಕೂಡಿಟ್ಟಿದ್ದೇನೆ, ಅಣ್ಣನಿಗೆ ಇನ್ನೂ ಹೇಳಿಲ್ಲ.

ಈಚೆಗೆ ನೋಡಿದವರು ಹೇಳಿ. 67ರ ವಯಸ್ಸಿನಲ್ಲಿ ಅವರ ಧ್ವನಿ ನಿಜವಾಗಿ ಹೇಗಿದೆ? ಅದು ಸೋತಿದ್ದರೆ ಅಣ್ಣನ ಮನಸ್ಸಿಗೆ ಏನಾಗುತ್ತದೋ ಅಂತ ನನಗೆ ಭಯ. ಇನ್ನೊಂದು, ಅಷ್ಟು ಹೊತ್ತು ನಿಲ್ಲುವುದು ಅವನಿಗೆ ಆಗುತ್ತದಾ?

ರೈನ್ ಕಡೆಯ ಕನ್ನಡಿಗ:

ಅಕ್ಕಾ, 2025ರ ಜುಲೈನಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಶೆನ್‌ನಲ್ಲಿ ನೋಡಿದೆ. ಕಂಡಿದ್ದನ್ನು ಕಂಡ ಹಾಗೆ ಹೇಳುತ್ತೇನೆ.

ಶುರುವಿನ ನಾಲ್ಕು ಹಾಡು ಬ್ರೂಸ್ ಸೇರುವ ಮುಂಚಿನವು, ಹಿಂದಿನ ಗಾಯಕ ಪಾಲ್ ಡಿಯಾನೋ ಹಾಡಿದ್ದವು. ಅಲ್ಲಿ ಧ್ವನಿ ಸ್ವಲ್ಪ ಬಿಗಿ ಇತ್ತು. ಮೇಲಿನ ಸ್ವರಕ್ಕೆ ಹೋಗುವ ಮೊದಲು ಒಂದು ಉಸಿರು ಜಾಸ್ತಿ ತೆಗೆದುಕೊಳ್ಳುವುದು ನನಗೆ ಕೇಳಿಸಿತು. ಆಮೇಲೆ ಕಾದ ಕಬ್ಬಿಣದ ಹಾಗೆ ಬಂತು. 1984ರ ಆಲ್ಬಂನ ಆ ಹದಿಮೂರು ನಿಮಿಷದ ಹಡಗಿನ ಹಾಡು, 'ರೈಮ್ ಆಫ್ ದ ಏನ್ಶಿಯೆಂಟ್ ಮ್ಯಾರಿನರ್' ಇದೆಯಲ್ಲ, ಅದನ್ನು ಪೂರ್ತಿ ಹಾಡಿದರು. ನಡುವೆ ಬರೀ ಬೇಸ್ ಮತ್ತು ಮಾತು ಇರುವ ಭಾಗದಲ್ಲಿ ಅಷ್ಟು ದೊಡ್ಡ ಸ್ಟೇಡಿಯಂ ಸದ್ದಿಲ್ಲದೆ ನಿಂತಿತ್ತು. 2007ರ ಧ್ವನಿಯೇ ಬೇಕು ಅಂತ ಹೋದರೆ ಸಿಗುವುದಿಲ್ಲ. ಈಗಿನದು ಸ್ವಲ್ಪ ಒರಟು. ನನಗೆ ಅದೇ ಹೆಚ್ಚು ಹಿಡಿಸಿತು.

ಡ್ರಮ್ಸ್‌ನಲ್ಲಿ ನಿಕೋ ಮೆಕ್‌ಬ್ರೇನ್ ಇಲ್ಲ. 2024ರ ಡಿಸೆಂಬರಿನಲ್ಲಿ ಸಾವ್ ಪೌಲೋದಲ್ಲಿ ಕೊನೆಯ ಕಾರ್ಯಕ್ರಮ ಮಾಡಿ ಪ್ರವಾಸ ನಿಲ್ಲಿಸಿದರು. ಈಗ ಸೈಮನ್ ಡಾಸನ್. ನಿಮ್ಮಣ್ಣನಿಗೆ ಇದು ಗೊತ್ತಿರುತ್ತದೆ ಬಿಡಿ.

ನಿಲ್ಲುವ ವಿಷಯಕ್ಕೆ ನನ್ನ ಮಾತು ಕೇಳಿ. ನೆಬ್‌ವರ್ತ್ ಅಂದರೆ ದೊಡ್ಡ ಬಯಲು. ಗೇಟಿನಿಂದ ವೇದಿಕೆವರೆಗೆ ನಡೆಯುವುದಕ್ಕೇ ಶಕ್ತಿ ಬೇಕು. ಅಣ್ಣನಿಗೆ ಸುಸ್ತಾಗುತ್ತದೆ ಅಂದರೆ ಸೀಟು ಇರುವ ಸ್ಟೇಡಿಯಂ ಇರುವ ಬೇರೆ ಊರು ನೋಡಿ. ದೊಡ್ಡ ನೀರಿನ ಬಾಟಲಿ ಒಳಗೆ ಬಿಡುವುದಿಲ್ಲ. ಡಾಕ್ಟರ ಹತ್ತಿರ ಒಂದು ಪತ್ರ ಬರೆಸಿಕೊಂಡು ಅಲ್ಲಿನವರಿಗೆ ಮೊದಲೇ ಮೇಲ್ ಮಾಡಿ. ಷೆಂಗೆನ್ ವೀಸಾಕ್ಕೆ (ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ಇಂಗ್ಲೆಂಡಿನದಕ್ಕೆ ಮೂರು ತಿಂಗಳು ಮೊದಲು ಮಾತ್ರ.

ಶ್ರುತಿಪೆಟ್ಟಿಗೆ:

ನಾನು ಮೈಸೂರಿನಲ್ಲಿ ಮಕ್ಕಳಿಗೆ ಸಂಗೀತ ಹೇಳಿಕೊಡುತ್ತೇನೆ. ಮಗನಿಂದಾಗಿ ಬ್ರೂಸ್ ಅವರನ್ನು ಕೇಳಿದವಳು. ಒಂದು ಮಾತು ಹೇಳಲೇಬೇಕು.

1982ರ ಆಲ್ಬಂನ ಶೀರ್ಷಿಕೆ ಹಾಡು 'ದ ನಂಬರ್ ಆಫ್ ದ ಬೀಸ್ಟ್'ಗೆ ನಿರ್ಮಾಪಕ ಮಾರ್ಟಿನ್ ಬರ್ಚ್ ಇವರಿಂದ ಶುರುವಿನ ಮೆಲುದನಿಯ ಸಾಲುಗಳನ್ನೇ ಗಂಟೆಗಟ್ಟಲೆ ಹಾಡಿಸಿದರಂತೆ. ಕೂಗಲು ತುದಿಗಾಲಲ್ಲಿ ನಿಂತವರಿಗೆ ಪಿಸುಮಾತೇ ಮುಗಿಯಲಿಲ್ಲ. ಆ ಹತಾಶೆಯೇ ಆ ದೊಡ್ಡ ಕಿರುಚಾಟವಾಗಿ ಬಂತು ಅಂತ ಬ್ರೂಸ್ ಅವರೇ ಹೇಳಿಕೊಂಡಿದ್ದಾರೆ. ನಮ್ಮಲ್ಲೂ ಹಾಗೇ ಅಲ್ವಾ? ಮಂದ್ರದಲ್ಲಿ ನಿಲ್ಲಲು ಕಲಿಯದೆ ತಾರಕ್ಕೆ ಹೋದವರ ಗಂಟಲು ಬೇಗ ಹೋಗುತ್ತದೆ. ಇವರ ಧ್ವನಿ ಇಷ್ಟು ವರ್ಷ ನಿಂತಿರುವುದಕ್ಕೆ ಆ ಮೆಲುದನಿಯ ಅಭ್ಯಾಸವೂ ಕಾರಣ ಅಂತ ನನಗೆ ಅನಿಸುತ್ತದೆ.

ರೇಡಿಯೇಷನ್ ಆದಾಗ ಜೊಲ್ಲಿನ ಗ್ರಂಥಿ ಸೊರಗುತ್ತದೆ. ಗಂಟಲು ಒಣಗಿದರೆ ಹಾಡುವುದು ಎಷ್ಟು ಕಷ್ಟ ಅಂತ ನೆಗಡಿ ಬಂದಾಗಲೇ ನಮಗೆ ಗೊತ್ತಾಗುತ್ತದೆ. ಅಂಥದ್ದನ್ನು ದಾಟಿ ಹಾಡುತ್ತಿದ್ದಾರೆ. ಆದರೆ ತಂಗೀ, ಬ್ರೂಸ್ ಅವರ ತಾರೀಖುಗಳನ್ನು ನಿಮ್ಮಣ್ಣನ ಮೈಗೆ ಅಳತೆ ಮಾಡಬೇಡಿ. ಒಬ್ಬೊಬ್ಬರ ಮೈ ಒಂದೊಂದು ಥರ. ಅಣ್ಣ ಹಾಡುವುದನ್ನು ಬಿಟ್ಟಿದ್ದಾರೆ ಅಂದಿರಲ್ಲ, ಡಾಕ್ಟರನ್ನು ಒಂದು ಮಾತು ಕೇಳಿ, ಅವರು ಸರಿ ಅಂದರೆ ದಿನಾ ಐದು ನಿಮಿಷ ಬಾಯಿ ಮುಚ್ಚಿಕೊಂಡು ಗುನುಗಲಿ. ಸಾಕು.

ಮೇಕ್ರಿ ಸರ್ಕಲ್:

2007ರಲ್ಲಿ ನಾನೂ ಅಲ್ಲೇ ಇದ್ದೆ. ದೆಹಲಿಯ ರಾಕ್ ಬ್ಯಾಂಡ್ ಪರಿಕ್ರಮ ಮೊದಲು ಬಾರಿಸಿದ್ದು ನೆನಪಿದೆಯಾ? ಮೈದಾನದ ಧೂಳು ಮೂಗಿನಿಂದ ಹೋಗಲು ಎರಡು ದಿನ ಬೇಕಾಯಿತು. ಅವತ್ತು ಬಂದಿದ್ದ ಹೆಣ್ಣುಮಕ್ಕಳು ಬೆರಳೆಣಿಕೆ. ನೀವು ಕಣ್ಣಿಗೆ ಬಿದ್ದಿರಲೂಬಹುದು. ಹೋಗಿ ಬನ್ನಿ ಮೇಡಂ, ಯೋಚನೆ ಮಾಡಬೇಡಿ.

ತುಂಗೆ ದಂಡೆಯವಳು:

ಎಲ್ಲರಿಗೂ ಥ್ಯಾಂಕ್ಸ್. ರೈನ್ ಕಡೆಯವರೇ, ಕೇಳುವುದು ಮರೆತೆ, 'ಫಿಯರ್ ಆಫ್ ದ ಡಾರ್ಕ್' ಹಾಡಿದರಾ?

ರೈನ್ ಕಡೆಯ ಕನ್ನಡಿಗ:

ಹಾಡಿದರು ಅಕ್ಕಾ, ಕೊನೆಯಲ್ಲಿ, ಮತ್ತೆ ವೇದಿಕೆಗೆ ಬಂದಾಗ. ಗಿಟಾರಿನ ರಾಗವನ್ನು ಜನರೇ ಓ ಓ ಅಂತ ಹಾಡಿದರು. ಮೊಬೈಲ್ ಒಳಗಿಡಿ ಅಂತ ಬ್ಯಾಂಡಿನವರು ಮೊದಲೇ ಕೇಳಿಕೊಂಡಿದ್ದರು, ಹಾಗಾಗಿ ನನ್ನ ಸುತ್ತ ಎಲ್ಲರ ಕೈಯೂ ಖಾಲಿ ಇತ್ತು. ಹಾಡು ಇಳಿಯುವ ಕೊನೆಯ ಸಾಲುಗಳಲ್ಲಿ ಪಕ್ಕದ ಜರ್ಮನ್ ಮುದುಕರೊಬ್ಬರು ಕಣ್ಣು ಮುಚ್ಚಿಕೊಂಡಿದ್ದರು. ಬ್ರೂಸ್ ಆ ಜಾಗವನ್ನು ಮಾತ್ರ ಹಿಂದಿನ ಹಾಗೇ ಹಾಡಿದರು. ಅಲ್ಲಿ ಕೂಗುವುದಿಲ್ಲವಲ್ಲ.

ತುಂಗೆ ದಂಡೆಯವಳು:

ನಿನ್ನೆ ರಾತ್ರಿ ಅಣ್ಣನಿಗೆ ಇದನ್ನೆಲ್ಲ ಓದಿ ಹೇಳಿದೆ. ಕೊನೆಯ ಉತ್ತರ ಓದಿದಾಗ ಸುಮ್ನೆ ಕೂತಿದ್ದ. ಎದ್ದು ಹೋಗಿ ಬೀರುವಿನಿಂದ ಆ ಕ್ಯಾಸೆಟ್ ತಂದ. ಬಾಕ್ಸಿನ ಮೇಲೆ ಅವನ ಗೆಳೆಯ ನೀಲಿ ಇಂಕಿನಲ್ಲಿ ಬರೆದ ಹೆಸರು ಮಸುಕಾಗಿದೆ. ಹಾಕಲು ಟೇಪ್‌ರೆಕಾರ್ಡರ್ ಈಗ ಮನೆಯಲ್ಲಿಲ್ಲ. ಅದನ್ನು ಕೈಯಲ್ಲಿ ಹಿಡಿದುಕೊಂಡು, "ಸೀಟು ಇರೋ ಊರೇ ನೋಡು, ನನಗೆ ನಿಲ್ಲೋಕಾಗಲ್ಲ" ಅಂದ. ಅವನ ಪಾಸ್‌ಪೋರ್ಟ್ ಅವಧಿ ಮುಗಿದಿದೆ. ಸೋಮವಾರ ಅರ್ಜಿ ಹಾಕುತ್ತೇವೆ.